ಮಾತು ನಿಲ್ಲಿಸದ ಎರಡು ಯಂತ್ರಗಳು

ದತ್ತಸಂಚಯವೆಂದರೆ ಮಾಹಿತಿಯ ಉಗ್ರಾಣ. ಕೇಳಿದವರಿಗೆ ಬೇಕಾದುದನ್ನು ತೆಗೆದುಕೊಡುವ ಗಣಕವೇ ಸರ್ವರ್. ಉಗ್ರಾಣದ ಬೀಗವನ್ನು ಮುರಿಯದೆ, ಉಗ್ರಾಣಿಗೆ ಬಿಡುವೇ ಇಲ್ಲದಂತೆ ಮಾಡಿದರೂ ಹೊರಗೆ ನಿಂತವರಿಗೆ ಕಾಳು ದೊರೆಯದಷ್ಟೆ?

ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ೨೦೦೦ ಎಂಬ ತಂತ್ರಾಂಶದಲ್ಲಿ ಇಂಥದೊಂದು ದೋಷವಿತ್ತು. ಅದರ ೧೪೩೪ನೆಯ ಯುಡಿಪಿ ದ್ವಾರಕ್ಕೆ ಒಂದು ನಿರ್ದಿಷ್ಟ ಬೈಟನ್ನು ಕಳುಹಿಸಿದರೆ, ಸರ್ವರ್ ಅದೇ ಬೈಟನ್ನು ಹಿಂದಿರುಗಿಸುತ್ತಿತ್ತು. ‘ಬದುಕಿರುವೆಯಾ?’ ಎಂಬ ಪ್ರಶ್ನೆಗೆ ಉತ್ತರವೂ ‘ಬದುಕಿರುವೆಯಾ?’ ಎಂದೇ! ಯುಡಿಪಿ ಪದ್ಧತಿಯಲ್ಲಿ ಕಳುಹಿಸಿದವನ ವಿಳಾಸವನ್ನು ಪರೀಕ್ಷಿಸುವ ಏರ್ಪಾಡಿಲ್ಲ. ಕಿಡಿಗೇಡಿಯೊಬ್ಬನು ‘ಅ’ ಎಂಬ ಸರ್ವರಿನ ವಿಳಾಸವನ್ನು ಸುಳ್ಳಾಗಿ ಬರೆದು ‘ಬ’ ಎಂಬ ಸರ್ವರಿಗೆ ಆ ಬೈಟನ್ನು ಕಳುಹಿಸಿದನೆನ್ನಿ. ‘ಬ’ದ ಉತ್ತರ ‘ಅ’ಗೆ ಹೋಗುವುದು, ಅದನ್ನು ಹೊಸ ಪ್ರಶ್ನೆಯೆಂದು ಬಗೆದು ‘ಅ’ ಮರಳಿ ಉತ್ತರಿಸುವುದು. ಪೊಟ್ಟಣವು ದಾರಿಯಲ್ಲಿ ಕಳೆದುಹೋಗದಿದ್ದರೆ, ಯಾರಾದರೂ ಒಂದು ಸರ್ವರನ್ನು ನಿಲ್ಲಿಸಿ ಪುನಃ ಆರಂಭಿಸುವವರೆಗೂ ಈ ಚೆಂಡಾಟ ನಡೆದು, ಎರಡರ ಶಕ್ತಿಯೂ ವ್ಯರ್ಥವಾಗುವುದು.

೨೦೦೨ರ ಜುಲೈ ೨೪ರಂದು ಇದಕ್ಕೆ ತೇಪೆ ಹೊರಬಂದಿತು. ಅದೇ ದ್ವಾರದ ಇನ್ನೊಂದು ದೋಷವನ್ನೂ ಅದು ಮುಚ್ಚುತ್ತಿತ್ತು: ಅಳತೆ ಮೀರಿದ ಸಂದೇಶವು ಸ್ಮೃತಿಯ ಮೇರೆಯನ್ನು ದಾಟಿ, ತನ್ನೊಳಗಿನ ಆಜ್ಞೆಗಳನ್ನು ಸರ್ವರಿನಿಂದಲೇ ನಡೆಸಿಕೊಳ್ಳಬಹುದಾಗಿತ್ತು. ತೇಪೆಯನ್ನು ಹಚ್ಚದೆ ಬಿಟ್ಟವರು ಸಹಸ್ರಾರು ಮಂದಿ. ೨೦೦೩ರ ಜನವರಿ ೨೫ರಂದು ‘ಸ್ಲ್ಯಾಮರ್’ ಎಂಬ, ಕೇವಲ ೩೭೬ ಬೈಟುಗಳ ಗಣಕಹುಳು ಈ ಎರಡನೆಯ ಬಿರುಕಿನಿಂದ ನುಗ್ಗಿತು. ಆರಂಭದಲ್ಲಿ ಸುಮಾರು ೮.೫ ಸೆಕೆಂಡಿಗೊಮ್ಮೆ ಇಮ್ಮಡಿಸಿ, ೧೦ ನಿಮಿಷಗಳಲ್ಲಿ ದುರ್ಬಲ ಯಂತ್ರಗಳ ಪೈಕಿ ಶೇಕಡ ೯೦ಕ್ಕೂ ಹೆಚ್ಚನ್ನು ಆಕ್ರಮಿಸಿತು. ಅದು ಒಂದು ಕಡತವನ್ನೂ ಅಳಿಸಲಿಲ್ಲ. ತನ್ನ ಪ್ರತಿಗಳ ಪ್ರವಾಹದಿಂದ ಜಾಲವನ್ನೇ ಕಟ್ಟಿಹಾಕಿತು. ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕದ ಸಾವಿರಾರು ಎಟಿಎಂಗಳು ಹಣ ಕೊಡಲಾಗದೆ ನಿಂತವು.