ಫೋನ್ ನಂಬರ್ ತಿದ್ದುವ ಪ್ರೋಗ್ರಾಮಿಗೊಂದು ಪುಸ್ತಕ

ನಮ್ಮ ರೈತ ಗುಂಪಿನಲ್ಲಿ 64 ಜನ. ಎಲ್ಲರೂ ಮಳೆ ನಂಬಿದವರು. ಶೇಂಗಾ, ತೊಗರಿ ಬೆಳೆಯುವವರು. ಗುಂಪಿಗೆ ಒಂದೇ ಟ್ರ್ಯಾಕ್ಟರ್ ಕೂರಿಗೆ. ಹದ ಬಂದಾಗ ಯಾರ ಪಾಳಿ ಯಾವಾಗ ಅಂತ ಫೋನಿನಲ್ಲಿ ತಿಳಿಸೋದು ನನ್ನ ಕೆಲಸ.

ಹೋದ ವರ್ಷ ಜೂನ್‌ನಲ್ಲಿ ಒಬ್ಬ ಸದಸ್ಯರಿಗೆ ಸುದ್ದಿ ಮುಟ್ಟಲಿಲ್ಲ. ಅವರು ಹೊಲದಲ್ಲಿದ್ದರು, ಅಲ್ಲಿ ಸಿಗ್ನಲ್ ಇಲ್ಲ. ಹಾಗಾದಾಗ ಅವರ ಮನೆಯವರ ನಂಬರಿಗೆ ಮಾಡೋದು ವಾಡಿಕೆ. ನೋಡಿದ್ರೆ ಆ ನಂಬರೇ ಇಲ್ಲ! ಪಾಳಿ ಮುಂದಿನವರಿಗೆ ಹೋಯ್ತು. ಅವರ ಸರದಿ ಬರೋ ಹೊತ್ತಿಗೆ ನೆಲ ಆರಿತ್ತು. ಎರಡು ಎಕರೆ ಶೇಂಗಾ ಹದಿನೈದು ದಿನ ತಡವಾಗಿ ಬಿತ್ತಿದರು.

ಕಾರಣ ಹುಡುಕಿದಾಗ ತಪ್ಪು ನಮ್ಮದೇ ಅಂತ ಗೊತ್ತಾಯ್ತು. ಗುಂಪಿನ ನಂಬರುಗಳೆಲ್ಲ ಒಂದು ಗೂಗಲ್ ಖಾತೆಯಲ್ಲಿವೆ. ಸಿಮ್ ಬದಲಿಸುವವರು ಜಾಸ್ತಿ ಅಂತ ಡಿಪ್ಲೊಮಾ ಓದಿದ ನನ್ನ ಮಗಳು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದಳು. ಪಟ್ಟಿಯಲ್ಲಿ ಹೊಸ ನಂಬರ್ ಬರೆದು ಗುಂಡಿ ಒತ್ತಿದರೆ ಖಾತೆಯಲ್ಲಿ ತಿದ್ದುಪಡಿ ಆಗುತ್ತೆ. ಆಮೇಲೆ ಅವಳು ಕೆಲಸಕ್ಕೆ ಪುಣೆಗೆ ಹೋದಳು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಯಾರೂ ಒಂದು ಸಾಲು ಬರೆದಿಟ್ಟಿರಲಿಲ್ಲ. ಈ ಪೆಟ್ಟು ಬಿದ್ದ ಮೇಲೆ ಎರಡು ಭಾನುವಾರ ಅವಳು ಫೋನಿನಲ್ಲಿ ಹೇಳಿದಳು, ಏಳನೇ ಕ್ಲಾಸು ಓದಿದ ನಾನು ಬರೆದುಕೊಂಡೆ. ಗುಂಪಿನ ಪಟ್ಟಿ ಇಟ್ಟುಕೊಂಡವರಿಗೆ ಉಪಯೋಗ ಆದೀತು ಅಂತ ಇಲ್ಲಿ ಕೊಡುತ್ತಿದ್ದೇನೆ.

ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಅರ್ಜಿ ಕೊಡುವ ಕಿಟಕಿ. ನಾಡಕಚೇರಿ ಕಿಟಕಿ ಇದ್ದ ಹಾಗೆ. ಒಳಗೆ ನಾವು ಹೋಗುವಂತಿಲ್ಲ, ಅರ್ಜಿ ಸರಿಯಾಗಿ ಬರೆದುಕೊಡಬೇಕು. ಗೂಗಲ್‌ನವರ ಕಿಟಕಿಗೆ ಪೀಪಲ್ ಎಪಿಐ ಅಂತ ಹೆಸರು. ತಿದ್ದುಪಡಿ ಅರ್ಜಿಗೆ ಅಪ್‌ಡೇಟ್ ಕಾಂಟ್ಯಾಕ್ಟ್ ಅಂತಾರೆ.

ಅರ್ಜಿಯಲ್ಲಿ ಮೊದಲು ಯಾರದ್ದು ಅಂತ ಹೇಳಬೇಕು. ಹೆಸರು ಹೇಳಿದರೆ ಸಾಲದು. ನಮ್ಮ ಗುಂಪಿನಲ್ಲಿ ತಿಪ್ಪೇಸ್ವಾಮಿ ಅನ್ನುವವರೇ ಐದು ಜನ! ಪ್ರತಿ ಸದಸ್ಯರ ದಾಖಲೆಗೂ ಖಾತೆಯಲ್ಲಿ ಬೇರೆ ಬೇರೆ ಗುರುತಿನ ಸಂಖ್ಯೆ ಇರುತ್ತೆ, ಪಹಣಿಗೆ ಸರ್ವೆ ನಂಬರ್ ಇದ್ದಂತೆ. ಅದನ್ನು ಪಟ್ಟಿಯ ಮೊದಲ ಕಾಲಮಿನಲ್ಲಿ ಇಟ್ಟಿದ್ದೇವೆ. ಅದನ್ನು ಯಾರೂ ಮುಟ್ಟುವಂತಿಲ್ಲ.

ಎರಡನೆಯದು, ಯಾವ ಅಂಕಣ ತಿದ್ದಬೇಕು ಅನ್ನೋದು. ನಾವು ಎಡವಿದ್ದು ಇಲ್ಲೇ. ಫೋನ್ ನಂಬರಿನ ಅಂಕಣ ಅಂತ ಹೇಳಿದರೆ ಹೆಸರು, ವಿಳಾಸ ಹಾಗೇ ಉಳಿಯುತ್ತವೆ. ಆದರೆ ಆ ಅಂಕಣದಲ್ಲಿ ಇದ್ದದ್ದೆಲ್ಲ ಹೋಗಿ, ನಾವು ಕಳಿಸಿದ್ದು ಮಾತ್ರ ಕೂರುತ್ತೆ. ಆ ಸದಸ್ಯರದು ಎರಡು ನಂಬರ್ ಇತ್ತು. ಏಪ್ರಿಲ್‌ನಲ್ಲಿ ನಾನು ಅವರ ಹೊಸ ನಂಬರ್ ಒಂದನ್ನೇ ಕಳಿಸಿದೆ. ಮನೆಯವರ ನಂಬರ್ ಅಳಿಸಿಹೋಯ್ತು. ಅದು ಸೇರಿಸೋದಲ್ಲ, ಬದಲಿಸೋದು. ಈಗ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಒಂದು ನಂಬರ್ ಬದಲಾದರೂ ಇರುವ ಎಲ್ಲ ನಂಬರುಗಳನ್ನೂ ಸೇರಿಸಿ ಕಳಿಸಬೇಕು.

ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಬದಲಾವಣೆ ವಾಪಸ್ ಪಡೆಯುವ ಅನುಕೂಲ ಇದೆ. ಆದರೆ ಹಿಂದಿನ 30 ದಿನದೊಳಗಿನದ್ದು ಮಾತ್ರ. ನಮಗೆ ಗೊತ್ತಾಗಿದ್ದು ಜೂನ್‌ನಲ್ಲಿ. ಅದೂ ಅಲ್ಲದೆ ವಾಪಸ್ ಪಡೆದರೆ ಪಟ್ಟಿ ಪೂರಾ ಹಳೆಯದಕ್ಕೆ ಹೋಗುತ್ತೆ, ನಡುವೆ ತಿದ್ದಿದ್ದೆಲ್ಲ ಹೋಗುತ್ತೆ.

ಮೂರನೆಯದು ಇ-ಟ್ಯಾಗ್ ಅನ್ನುವ ಗುರುತು. ದಾಖಲೆ ಓದಿದಾಗ ಅದರ ಜೊತೆ ಈ ಗುರುತೂ ಬರುತ್ತೆ. ಅರ್ಜಿ ಕೊಡುವಾಗ ಅದನ್ನೇ ವಾಪಸ್ ಕೊಡಬೇಕು. ನಡುವೆ ಬೇರೆ ಯಾರಾದರೂ ಆ ದಾಖಲೆ ತಿದ್ದಿದ್ದರೆ ಗುರುತು ಬದಲಾಗಿರುತ್ತೆ, ಅರ್ಜಿ 400 ಅನ್ನುವ ತಪ್ಪು ಸಂಖ್ಯೆಯೊಂದಿಗೆ ತಿರಸ್ಕಾರ ಆಗುತ್ತೆ. ನಮ್ಮ ಖಜಾಂಚಿಯವರೂ ತಮ್ಮ ಮೊಬೈಲಿನಿಂದ ನಂಬರ್ ತಿದ್ದುತ್ತಾರೆ. ನಾನು ನೆಟ್‌ವರ್ಕ್ ಸರಿ ಇಲ್ಲ ಅಂತ ಹತ್ತು ಸಲ ಗುಂಡಿ ಒತ್ತಿದ್ದೆ. "ಅಪ್ಪಾ, ನೀನು ಎಷ್ಟು ಒತ್ತಿದರೂ ಅದು ಹಾಗೇ ಹೇಳುತ್ತೆ" ಅಂತ ಮಗಳು ನಕ್ಕಳು. ದಾಖಲೆಯನ್ನು ಹೊಸದಾಗಿ ಓದಿಸಿ, ಖಜಾಂಚಿ ಏನು ತಿದ್ದಿದ್ದಾರೆ ನೋಡಿ, ಅದರ ಮೇಲೆ ನಮ್ಮದು ಸೇರಿಸಿ ಕಳಿಸಬೇಕು.

ಒಂದೇ ಅರ್ಜಿಯಲ್ಲಿ 200 ದಾಖಲೆವರೆಗೆ ತಿದ್ದುವ ದಾರಿಯೂ ಇದೆಯಂತೆ. ನಮಗೆ ಬೇಡ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ಒಂದೇ ಖಾತೆಗೆ ಹಲವು ಅರ್ಜಿ ಒಟ್ಟಿಗೆ ನುಗ್ಗಿಸಿದರೆ ತಡವಾಗುತ್ತೆ, ಕೆಲವು ಸೋಲುತ್ತವೆ. ತಿದ್ದುವ ಮೊದಲು ಹಳೆಯ ನಂಬರ್, ಹೊಸ ನಂಬರ್, ತಾರೀಕು, ತಿದ್ದಿದವರ ಸಹಿ ಪುಸ್ತಕದಲ್ಲಿ ಬೀಳಲೇಬೇಕು. ಹೊಸಬರು ಕಲಿಯೋಕೆ ಅಂತಲೇ ಒಂದು ಸುಳ್ಳು ಹೆಸರಿನ ದಾಖಲೆ ಇಟ್ಟಿದ್ದೇವೆ. ಅದನ್ನು ಎಷ್ಟು ಕೆಡಿಸಿದರೂ ಯಾರ ಬಿತ್ತನೆಯೂ ನಿಲ್ಲೋದಿಲ್ಲ.

ಈ ಸಲ ಮುಂಗಾರಿಗೆ ಮೊದಲು 64 ಜನರಿಗೂ ಒಂದೊಂದು ಕರೆ ಮಾಡಿದೆವು. ಏಳು ನಂಬರ್ ಬದಲಾಗಿದ್ದವು. ನಾನು ಊರಲ್ಲಿ ಇರಲಿಲ್ಲ. ಕಾರ್ಯದರ್ಶಿಯವರೇ ಪುಸ್ತಕ ನೋಡಿಕೊಂಡು ಏಳನ್ನೂ ತಿದ್ದಿದರು. ಒಂದು ಸಲ ಮಾತ್ರ ಫೋನ್ ಮಾಡಿದ್ದರು, ಮೂರನೇ ಪುಟದಲ್ಲಿ ನನ್ನ ಅಕ್ಷರ ಅರ್ಥ ಆಗಲಿಲ್ಲವಂತೆ.