ಹುಡುಕಿದರೆ ಸಿಗಬೇಕು, ಸಿಕ್ಕಿದ್ದು ಕಾಣಬೇಕು

ನಿಂತುಹೋದ ಜಿಲ್ಲಾ ಪತ್ರಿಕೆಯ ಹಳೆಯ ಸಂಪುಟಗಳು, ಕಾಲೇಜಿನ ವಾರ್ಷಿಕ ಸಂಚಿಕೆಗಳು, ಸಂಘದ ಸ್ಮರಣ ಸಂಚಿಕೆಗಳು. ಇವನ್ನೆಲ್ಲ ಸ್ಕ್ಯಾನ್ ಮಾಡಿ, ಓಸಿಆರ್ ಹಾಕಿ, ಪಠ್ಯ ತಿದ್ದಿ ಕಂಪ್ಯೂಟರಿಗೆ ಏರಿಸಲು ತಿಂಗಳುಗಟ್ಟಲೆ ದುಡಿಯುವವರು ನಮ್ಮಲ್ಲಿ ಇದ್ದಾರೆ. ಅಷ್ಟೆಲ್ಲ ಆದ ಮೇಲೆ ಓದುಗ ಬಂದು ‘ನೀರು’ ಎಂದು ಹುಡುಕಿದರೆ, ‘ನೀರಿನ’, ‘ನೀರಿಗೆ’, ‘ನೀರನ್ನು’ ಎಂದಿರುವ ಪುಟಗಳಲ್ಲಿ ಒಂದೂ ಬರುವುದಿಲ್ಲ. ಬಂದ ಪುಟಗಳಲ್ಲೂ ಆ ಪದ ಎಲ್ಲಿದೆ ಎಂದು ತೋರಿಸುವ ಮುನ್ನೋಟದ ಸಾಲು ಖಾಲಿ. ದುಡಿಮೆಯಲ್ಲಿ ಕೊರತೆ ಇರುವುದಿಲ್ಲ. ಸರ್ಚ್ ಎಂಜಿನ್‌ನ ಫೀಲ್ಡುಗಳನ್ನು ಕನ್ನಡಕ್ಕೆ ತಕ್ಕಂತೆ ಹೊಂದಿಸಿರುವುದಿಲ್ಲ, ಅಷ್ಟೆ.

ಉದಾಹರಣೆಗೆ ಅಪಾಚೆ ಸೋಲರ್ ತೆಗೆದುಕೊಳ್ಳೋಣ. ಇದು ಉಚಿತ, ಮುಕ್ತ ತಂತ್ರಾಂಶ. ಯೋನಿಕ್ ಸೀಲಿ 2004ರಲ್ಲಿ ಇದನ್ನು ಆರಂಭಿಸಿದರು; 2006ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿತು. ಇದರ ಒಳಗಿರುವ ಯಂತ್ರ ಲ್ಯೂಸೀನ್. ಎಲಾಸ್ಟಿಕ್‌ಸರ್ಚ್ ನಿಂತಿರುವುದೂ ಅದರ ಮೇಲೆಯೇ, ಹಾಗಾಗಿ ಮುಂದೆ ಹೇಳುವ ಬಹುಪಾಲು ಸಂಗತಿ ಅಲ್ಲಿಗೂ ಹೊಂದುತ್ತದೆ. ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಬಳಸುವ ಡಿಸ್ಪೇಸ್ ತಂತ್ರಾಂಶದಲ್ಲೂ ಹುಡುಕಾಟಕ್ಕೆ ಇರುವುದು ಸೋಲರ್.

ಮೊದಲು ಪಠ್ಯ ಯೂನಿಕೋಡ್‌ನಲ್ಲಿದೆಯೇ ನೋಡಿ

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಇನ್ನೂ ರಾಶಿ ಇವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅವನ್ನು ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹೆಚ್ಚಾಗಿ ಕೆಡುವುದು ಅಲ್ಲೇ.

ಪ್ರತಿ ಫೀಲ್ಡಿಗೂ ಎರಡು ಪ್ರಶ್ನೆ

ಫೀಲ್ಡುಗಳ ವಿವರವಿರುವ ಕಡತ, ಅಂದರೆ ಸ್ಕೀಮಾ, ಬರೆಯುವ ಮೊದಲು ಒಂದು ಹಾಳೆಯಲ್ಲಿ ಫೀಲ್ಡುಗಳ ಪಟ್ಟಿ ಮಾಡಿ: ಶೀರ್ಷಿಕೆ, ಲೇಖಕ, ವರ್ಷ, ಪುಟ ಸಂಖ್ಯೆ, ಪಠ್ಯ. ಒಂದೊಂದರ ಮುಂದೆಯೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಓದುಗ ಇದರಲ್ಲಿ ಹುಡುಕುತ್ತಾನೆಯೇ? ಫಲಿತಾಂಶದಲ್ಲಿ ಇದು ಅವನ ಕಣ್ಣಿಗೆ ಬೀಳಬೇಕೇ? ಮೊದಲನೆಯದಕ್ಕೆ ಹೌದಾದರೆ ‘ಇಂಡೆಕ್ಸ್‌ಡ್’ ಗುಣ ಟ್ರೂ, ಎರಡನೆಯದಕ್ಕೆ ಹೌದಾದರೆ ‘ಸ್ಟೋರ್ಡ್’ ಗುಣ ಟ್ರೂ. ಇಂಡೆಕ್ಸ್ ಎಂಬುದು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ: ಪದ ಯಾವ ಪುಟದಲ್ಲಿದೆ ಎಂದು ಹೇಳುತ್ತದೆ, ಆದರೆ ಅದರಿಂದ ಪುಟದ ವಾಕ್ಯವನ್ನು ಓದಲಾಗದು. ವಾಕ್ಯ ಬೇಕಾದರೆ ಮೂಲ ಪಠ್ಯವನ್ನು ಸ್ಟೋರ್ ಮಾಡಿರಲೇಬೇಕು. ಜಾಗ ಉಳಿಸಲೆಂದು ಪಠ್ಯ ಫೀಲ್ಡಿನ ‘ಸ್ಟೋರ್ಡ್’ ಅನ್ನು ಫಾಲ್ಸ್ ಮಾಡಿದರೆ ಪುಟ ಸಿಗುತ್ತದೆ, ಮುನ್ನೋಟ ಬರುವುದಿಲ್ಲ.

ವರ್ಷಕ್ಕೂ ಪುಟ ಸಂಖ್ಯೆಗೂ ಪೂರ್ಣಾಂಕದ ‘ಪಿಇಂಟ್’ ಬಗೆ ಕೊಡಿ, ವಿಂಗಡಣೆಗೆ ‘ಡಾಕ್‌ವ್ಯಾಲ್ಯೂಸ್’ ಇರಲಿ. ಪಠ್ಯವನ್ನು ಮಾತ್ರ ‘ಸ್ಟ್ರಿಂಗ್’ ಬಗೆಯ ಫೀಲ್ಡಿಗೆ ತುಂಬಬೇಡಿ. ಸ್ಟ್ರಿಂಗ್ ಇಡೀ ಪಠ್ಯವನ್ನು ಒಂದೇ ಪದವೆಂದು ಎಣಿಸುತ್ತದೆ. ಲ್ಯೂಸೀನ್‌ನಲ್ಲಿ ಒಂದು ಪದದ ಮಿತಿ 32,766 ಬೈಟ್. ಕನ್ನಡದ ಒಂದೊಂದು ಸಂಕೇತ 3 ಬೈಟ್ ತೆಗೆದುಕೊಳ್ಳುವುದರಿಂದ 10,922 ಸಂಕೇತ ದಾಟುತ್ತಿದ್ದಂತೆ ದಾಖಲೆ ಒಳಗೆ ಹೋಗದೆ ತಿರಸ್ಕೃತವಾಗುತ್ತದೆ.

ಫೀಲ್ಡುಗಳನ್ನು ತಾನಾಗಿಯೇ ಊಹಿಸುವ ಸೌಲಭ್ಯ ಸೋಲರ್‌ನ ಆರಂಭಿಕ ಸಂರಚನೆಯಲ್ಲಿ ಚಾಲೂ ಇರುತ್ತದೆ. ಅದನ್ನು ಆರಿಸಿಬಿಡಿ. ಮೊದಲ ದಾಖಲೆಯಲ್ಲಿ ಸಂಪುಟದ ಹೆಸರು 1956 ಎಂದಿದ್ದರೆ ಅದು ಸಂಖ್ಯೆ ಎಂದು ತೀರ್ಮಾನಿಸುತ್ತದೆ. ಮುಂದೆ ‘1956-57’ ಎಂಬ ಸಂಪುಟ ಬಂದಾಗ ದೋಷ ತೋರಿಸಿ ನಿಲ್ಲುತ್ತದೆ.

ಪುಸ್ತಕವನ್ನು ಇಡಿಯಾಗಿ ಒಂದೇ ದಾಖಲೆ ಮಾಡುವುದಕ್ಕಿಂತ ಪುಟಕ್ಕೊಂದು ದಾಖಲೆ ಮಾಡುವುದು ಮೇಲು. ಓದುಗನನ್ನು ನೇರ ಆ ಪುಟಕ್ಕೇ ಕಳಿಸಬಹುದು. ಒಂದೇ ಪುಸ್ತಕ ಫಲಿತಾಂಶದ ತುಂಬ ಹರಡದಂತೆ ಪುಸ್ತಕದ ಗುರುತಿನ ಮೇಲೆ ‘ಕೊಲ್ಯಾಪ್ಸ್’ ಮಾಡಿದರಾಯಿತು.

ಕನ್ನಡಕ್ಕೆಂದೇ ಒಂದು ಫೀಲ್ಡ್ ಬಗೆ

ನಿಜವಾದ ಕೆಲಸ ಇರುವುದು ಇಲ್ಲಿ. ಸಾಮಾನ್ಯವಾಗಿ ಸಿಗುವ ‘ಟೆಕ್ಸ್ಟ್ ಜನರಲ್’ ಬಗೆ ಪದಗಳನ್ನು ಬಿಡಿಸುತ್ತದೆ, ಇಂಗ್ಲಿಷಿನ ದೊಡ್ಡಕ್ಷರವನ್ನು ಚಿಕ್ಕದು ಮಾಡುತ್ತದೆ. ಕನ್ನಡಕ್ಕೆ ಅದರಿಂದ ಹೆಚ್ಚೇನೂ ಸಹಾಯವಿಲ್ಲ. ಹೊಸ ಬಗೆಯೊಂದನ್ನು ಬರೆದು ಅದರಲ್ಲಿ ಫಿಲ್ಟರುಗಳನ್ನು ಈ ಕ್ರಮದಲ್ಲಿ ಜೋಡಿಸಿ.

ಪದ ಬಿಡಿಸಲು ಸ್ಟ್ಯಾಂಡರ್ಡ್ ಟೋಕನೈಸರ್ ಸಾಕು. ಅದರ ಬೆನ್ನಿಗೇ ಐಸಿಯು ನಾರ್ಮಲೈಸರ್ ಫಿಲ್ಟರ್ ಬರಲಿ. ಇದಕ್ಕೆ ‘ಅನಾಲಿಸಿಸ್ ಎಕ್ಸ್‌ಟ್ರಾಸ್’ ಮಾಡ್ಯೂಲ್ ಚಾಲೂ ಮಾಡಬೇಕು. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ನಂತರ ಕಾಣದ ಜೋಡಣೆ ತಡೆಯುವ ಚಿಹ್ನೆ ಕೂತಿರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ನಾರ್ಮಲೈಸರ್ ಇವೆಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ.

ನಂತರ ಡೆಸಿಮಲ್ ಡಿಜಿಟ್ ಫಿಲ್ಟರ್. ಹಳೆಯ ಮುದ್ರಣದ ೧೯೫೬, ಓದುಗ ಟೈಪಿಸುವ 1956, ಎರಡನ್ನೂ ಇದು ಒಂದು ಮಾಡುತ್ತದೆ. ಒಂದೇ ಸಾಲಿನ ಸೇರ್ಪಡೆ, ಲಾಭ ಬಹಳ.

ಇನ್ನು ವಿಭಕ್ತಿಯ ಪ್ರಶ್ನೆ. ಸೋಲರ್‌ನಲ್ಲಿ ಹಿಂದಿಗೆ, ಬಂಗಾಳಿಗೆ ಇರುವಂತೆ ಪ್ರತ್ಯಯ ಕಳಚುವ ಸ್ಟೆಮರ್ ಕನ್ನಡಕ್ಕೆ ಸಿದ್ಧವಾಗಿ ಸಿಗದು. ಸರಳ ದಾರಿಯೊಂದಿದೆ. ಪ್ಯಾಟರ್ನ್ ರಿಪ್ಲೇಸ್ ಫಿಲ್ಟರ್ ಹಾಕಿ ಪದದ ಕೊನೆಯ ಉಕಾರವನ್ನು ತೆಗೆಯಿರಿ: ‘ನೀರು’ ಹೋಗಿ ‘ನೀರ’ ಆಗುತ್ತದೆ. ಇದು ಇಂಡೆಕ್ಸ್ ಕಡೆಯೂ ಇರಬೇಕು, ಪ್ರಶ್ನೆಯ ಕಡೆಯೂ ಇರಬೇಕು. ಇಂಡೆಕ್ಸ್ ಕಡೆಗೆ ಮಾತ್ರ ಅದರ ಕೆಳಗೆ ಎಡ್ಜ್ ಎನ್‌ಗ್ರಾಮ್ ಫಿಲ್ಟರ್ ಸೇರಿಸಿ. ‘ನೀರಿನಲ್ಲಿ’ ಎಂಬ ಪದದ ತಲೆಯ ತುಂಡುಗಳನ್ನೆಲ್ಲ, ಅಂದರೆ ‘ನೀ’, ‘ನೀರ’, ‘ನೀರಿ’, ‘ನೀರಿನ’ ಹೀಗೆ, ಇದು ಇಂಡೆಕ್ಸಿಗೆ ಸೇರಿಸುತ್ತದೆ. ಓದುಗನ ‘ನೀರು’ ಈಗ ‘ನೀರ’ ಆಗಿರುವುದರಿಂದ ತಾಳೆಯಾಗುತ್ತದೆ. ‘ಬೆಂಗಳೂರು’ ಎಂದರೆ ‘ಬೆಂಗಳೂರಿನಲ್ಲಿ’ಯೂ ಸಿಗುತ್ತದೆ.

ಕನಿಷ್ಠ ಉದ್ದ 2, ಗರಿಷ್ಠ 15 ಇಡಿ, ‘ಪ್ರಿಸರ್ವ್ ಒರಿಜಿನಲ್’ ಟ್ರೂ ಮಾಡಿ. ಉದ್ದ ಎಣಿಸುವುದು ಅಕ್ಷರದ ಲೆಕ್ಕದಲ್ಲಲ್ಲ, ಯೂನಿಕೋಡ್ ಸಂಕೇತದ ಲೆಕ್ಕದಲ್ಲಿ. ‘ವಿಶ್ವವಿದ್ಯಾಲಯ’ದಲ್ಲಿ 13 ಸಂಕೇತಗಳಿವೆ. ಗರಿಷ್ಠ 10 ಎಂದು ಇಟ್ಟಿದ್ದರೆ ಆ ಪದ ಹುಡುಕಿದವರಿಗೆ ‘ವಿಶ್ವವಿದ್ಯಾಲಯದಲ್ಲಿ’ ಸಿಗುತ್ತಲೇ ಇರಲಿಲ್ಲ.

ಈ ದಾರಿಗೆ ಬೆಲೆಯೂ ಇದೆ. ಇಂಡೆಕ್ಸ್ ದಪ್ಪವಾಗುತ್ತದೆ. ‘ನೀರು’ ಹುಡುಕಿದವರಿಗೆ ‘ನೀರಸ’ವೂ, ‘ಮರ’ ಹುಡುಕಿದವರಿಗೆ ‘ಮರಣ’ವೂ ಬರುತ್ತದೆ. ಅದಕ್ಕೆ ‘ಕಾಪಿ ಫೀಲ್ಡ್’ ಮೂಲಕ ಪಠ್ಯದ ಇನ್ನೊಂದು ಪ್ರತಿಯನ್ನು ತುಂಡು ಮಾಡದೆ ಇಂಡೆಕ್ಸ್ ಮಾಡಿ. ‘ಇಡಿಸ್‌ಮ್ಯಾಕ್ಸ್’ ಹುಡುಕಾಟದಲ್ಲಿ ಆ ಪ್ರತಿಗೆ ಹೆಚ್ಚು ತೂಕ, ಶೀರ್ಷಿಕೆಗೆ ಅದಕ್ಕಿಂತಲೂ ಹೆಚ್ಚು ತೂಕ ಕೊಡಿ. ನಿಖರವಾದವು ಮೇಲೆ ಬರುತ್ತವೆ, ಸಡಿಲವಾದವು ಕೆಳಗೆ ಸರಿಯುತ್ತವೆ. ಓದುಗ ‘ನೀರಿನಲ್ಲಿ’ ಎಂದೇ ಟೈಪಿಸಿದರೆ ಮಾತ್ರ ಬರೀ ‘ನೀರು’ ಇರುವ ಪುಟ ಬಾರದು. ಹುಡುಕುವ ಚೌಕದ ಕೆಳಗೆ ‘ಮೂಲಪದ ಬರೆಯಿರಿ’ ಎಂದು ಸೂಚಿಸಿ.

ಮುನ್ನೋಟದ ಸಾಲು

ಮುನ್ನೋಟ ಕೊಡುವುದು ಹೈಲೈಟರ್. ‘ಯೂನಿಫೈಡ್’ ಎಂಬುದನ್ನು ಆರಿಸಿ. ಬಹಳ ಮಂದಿ ಎಡವುವ ಜಾಗ ಇದು: ತುಂಡು ಮಾಡಿದ ಫೀಲ್ಡಿನಲ್ಲಿ ಹುಡುಕಿಸಿ, ತುಂಡು ಮಾಡದ ಫೀಲ್ಡಿನಿಂದ ಮುನ್ನೋಟ ಕೇಳುತ್ತಾರೆ. ಹುಡುಕಾಟಕ್ಕೆ ‘ನೀರ’ ಸಿಕ್ಕಿರುತ್ತದೆ. ಮುನ್ನೋಟದ ಫೀಲ್ಡಿನಲ್ಲಿ ‘ನೀರ’ ಎಂಬ ಪದವೇ ಇಲ್ಲ, ಇರುವುದು ‘ನೀರಿನಲ್ಲಿ’. ಸಾಲು ಖಾಲಿ ಬರುತ್ತದೆ. ಆದ್ದರಿಂದ ಸ್ಟೋರ್ ಮಾಡುವ ಫೀಲ್ಡ್ ತುಂಡು ಮಾಡಿದ್ದೇ ಆಗಿರಲಿ. ನಿಖರ ಪ್ರತಿಯನ್ನು ಇಂಡೆಕ್ಸ್ ಮಾಡಿದರೆ ಸಾಕು, ಸ್ಟೋರ್ ಮಾಡಬೇಕಿಲ್ಲ. ಎಡ್ಜ್ ಎನ್‌ಗ್ರಾಮ್ ಮೂಲಪದದ ಸ್ಥಾನವನ್ನು ಕಾಪಾಡುವುದರಿಂದ ಅರ್ಧ ಪದಕ್ಕಲ್ಲ, ‘ನೀರಿನಲ್ಲಿ’ ಎಂಬ ಇಡೀ ಪದಕ್ಕೇ ಬಣ್ಣ ಬರುತ್ತದೆ.

ಮುನ್ನೋಟದ ಉದ್ದ ಸೋಲರ್‌ನಲ್ಲಿ ಮೊದಲಿಗೆ 100 ಎಂದಿರುತ್ತದೆ. ಅದು ಇಂಗ್ಲಿಷಿಗೆ ಸರಿ. ‘ಬೆಂಗಳೂರು’ ಕಣ್ಣಿಗೆ ನಾಲ್ಕಕ್ಷರ, ಲೆಕ್ಕಕ್ಕೆ 8 ಸಂಕೇತ. ನೂರರಲ್ಲಿ ಕನ್ನಡದ ವಾಕ್ಯ ಅರ್ಥವಾಗುವಷ್ಟು ಬರುವುದಿಲ್ಲ. 200ರಿಂದ 250 ಇಡಿ. ಹೈಲೈಟರ್ ವಾಕ್ಯದ ಗಡಿ ಹುಡುಕಿ ಕತ್ತರಿಸುತ್ತದೆ. ಕವಿತೆಗಳಲ್ಲಿ, ಪೂರ್ಣವಿರಾಮ ಕಳೆದುಕೊಂಡ ಓಸಿಆರ್ ಪಠ್ಯದಲ್ಲಿ ಗಡಿಯೇ ಸಿಗದೆ ಸಾಲು ಉದ್ದವಾಗುತ್ತ ಹೋಗಬಹುದು. ಅಂಥ ಸಂಗ್ರಹಕ್ಕೆ ಗಡಿಯ ಬಗೆಯನ್ನು ‘ವರ್ಡ್’ ಎಂದು ಬದಲಿಸಿ.

ಹೈಲೈಟರ್ ಒಂದು ದಾಖಲೆಯ ಮೊದಲ 51,200 ಸಂಕೇತಗಳನ್ನು ಮಾತ್ರ ನೋಡುತ್ತದೆ. ಇಡೀ ಕಾದಂಬರಿಯನ್ನು ಒಂದೇ ದಾಖಲೆ ಮಾಡಿದವರಿಗೆ ಕೊನೆಯ ಅಧ್ಯಾಯದ ಪದಕ್ಕೆ ಮುನ್ನೋಟ ಬಾರದಿರುವುದು ಇದರಿಂದ. ಪದ ಶೀರ್ಷಿಕೆಯಲ್ಲಷ್ಟೇ ಸಿಕ್ಕಾಗ ಪಠ್ಯದ ಆರಂಭದ ಸಾಲು ಕಾಣುವಂತೆ ‘ಡೀಫಾಲ್ಟ್ ಸಮರಿ’ ಟ್ರೂ ಮಾಡಿ. ‘ಎನ್‌ಕೋಡರ್’ ಅನ್ನು ಎಚ್‌ಟಿಎಂಎಲ್ ಎಂದಿಡುವುದನ್ನು ಮರೆಯಬೇಡಿ. ಪಠ್ಯದೊಳಗೆ ನುಸುಳಿದ ಕೋನ ಆವರಣಗಳು ಪುಟದ ವಿನ್ಯಾಸ ಕೆಡಿಸುವುದೂ, ದುರುಪಯೋಗವಾಗುವುದೂ ತಪ್ಪುತ್ತದೆ. ಫಲಿತಾಂಶದ ಜೊತೆ ಕಳಿಸುವ ಫೀಲ್ಡುಗಳ ಪಟ್ಟಿಯಿಂದ ಪೂರ್ಣ ಪಠ್ಯವನ್ನು ಬಿಡಿ. ಹಳ್ಳಿಯ ನೆಟ್‌ವರ್ಕಿನಲ್ಲಿ ಮೊಬೈಲ್ ಹಿಡಿದು ಓದುವವರಿಗೆ ಇದರಿಂದ ಬಹಳ ಹಗುರ.

ಪರೀಕ್ಷೆ

ಎಲ್ಲ ಪುಟ ಏರಿಸುವ ಮೊದಲು 8983 ಪೋರ್ಟಿನಲ್ಲಿ ತೆರೆಯುವ ಆಡಳಿತ ಪರದೆಯ ‘ಅನಾಲಿಸಿಸ್’ ಪುಟಕ್ಕೆ ಹೋಗಿ. ಎಡಗಡೆ ‘ನೀರಿನಲ್ಲಿ’, ಬಲಗಡೆ ‘ನೀರು’ ಎಂದು ಬರೆದು ಗುಂಡಿ ಒತ್ತಿ. ಒಂದೊಂದು ಫಿಲ್ಟರ್ ದಾಟಿದಾಗಲೂ ಪದ ಏನಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ತಾಳೆಯಾದ ತುಂಡಿಗೆ ಬಣ್ಣ ಬರುತ್ತದೆ. ಬಾರದಿದ್ದರೆ ಯಾವ ಫಿಲ್ಟರಿನಲ್ಲಿ ದಾರಿ ಬೇರೆಯಾಯಿತು ಎಂಬುದು ಅಲ್ಲೇ ಕಾಣುತ್ತದೆ. ನಿಮ್ಮ ಸಂಗ್ರಹದಲ್ಲಿ ಜನ ನಿಜವಾಗಿ ಹುಡುಕುವ ಊರು, ಬೆಳೆ, ವ್ಯಕ್ತಿಗಳ ಹೆಸರುಗಳನ್ನು ಒಂದೊಂದಾಗಿ ಹೀಗೆ ನೋಡಿ. ಈ ಪೋರ್ಟ್ ಹೊರಗಿನ ಅಂತರ್ಜಾಲಕ್ಕೆ ತೆರೆದಿರಬಾರದು.

ಸ್ಕೀಮಾದಲ್ಲಿ ಫಿಲ್ಟರ್ ಬದಲಿಸಿದರೆ ಹಳೆಯ ದಾಖಲೆಗಳಿಗೆ ಅದು ತಾನಾಗಿ ತಗಲುವುದಿಲ್ಲ. ಪ್ರತಿ ಸಲವೂ ಇಂಡೆಕ್ಸ್ ಅಳಿಸಿ ಮೊದಲಿನಿಂದ ಏರಿಸಬೇಕು. ಅದಕ್ಕೆ ತಿದ್ದಿದ ಯೂನಿಕೋಡ್ ಕಡತಗಳನ್ನು ಸೋಲರ್‌ನಿಂದ ಹೊರಗೆ ಬೇರೊಂದು ಡಿಸ್ಕಿನಲ್ಲಿ ಇಟ್ಟಿರಿ, ಸ್ಕೀಮಾ ಕಡತದ ಪ್ರತಿಯನ್ನೂ ಅವುಗಳ ಜೊತೆಗೇ ಇಡಿ.