ಗೋಡೆಯ ಬಲವೆಲ್ಲಿದೆ?

ಹೊಸ ಮನೆಯ ಪಾಯ ಮುಗಿದು ಗೋಡೆಯ ಕೆಲಸ ಆರಂಭವಾಗುವಾಗ ಮನೆಯ ಯಜಮಾನನು ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ ನೋಡುತ್ತಾನೆ. ಕಂಚಿನಂತೆ ನಾದ ಬಂದರೆ ಅವನಿಗೆ ತೃಪ್ತಿ. ಗಾರೆಗೆ ಇನ್ನೊಂದು ಮೂಟೆ ಸಿಮೆಂಟು ಹೆಚ್ಚಾಗಿ ಹಾಕಿಸಿದರೆ ಗೋಡೆ ಅಷ್ಟೂ ಗಟ್ಟಿಯಾಯಿತೆಂಬುದು ಅವನ ನಂಬಿಕೆ. ನಾದದ ಪರೀಕ್ಷೆ ಒಳ್ಳೆಯದೇ. ಚೆನ್ನಾಗಿ ಬೆಂದ, ಬಿರುಕಿಲ್ಲದ ಇಟ್ಟಿಗೆ ಮಾತ್ರ ಹಾಗೆ ನುಡಿಯುತ್ತದೆ. ಸಿಮೆಂಟಿನ ವಿಷಯದ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಾವೀಗ ವಿಚಾರಿಸೋಣ.

ಪ್ರಯೋಗಶಾಲೆಯಲ್ಲಿ ಇಟ್ಟಿಗೆಯೊಂದನ್ನು ಯಂತ್ರದಲ್ಲಿಟ್ಟು ಒತ್ತಿ, ಅದು ಒಡೆಯುವಾಗಿನ ಭಾರವನ್ನು ಅಳೆಯುತ್ತಾರೆ. ಭಾರತೀಯ ಮಾನಕದಲ್ಲಿ ಅತ್ಯಂತ ಕೆಳಗಿನ ವರ್ಗದ ಇಟ್ಟಿಗೆಯೂ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋಗ್ರಾಂ ಭಾರವನ್ನು ತಾಳಬೇಕು. ಅಂತಹ ಐದಾರು ಇಟ್ಟಿಗೆಗಳನ್ನು ಗಾರೆಯಿಂದ ಒಂದರ ಮೇಲೊಂದು ಜೋಡಿಸಿ, ಗಾರೆ ಬಲಿತ ಮೇಲೆ ಆ ಕಂಬವನ್ನೇ ಒತ್ತಿದರೆ ಒಂದು ವಿಚಿತ್ರ ಕಾಣಬರುತ್ತದೆ. ಕಂಬದ ಬಲವು ಎಷ್ಟೋ ಸಲ ಬಿಡಿ ಇಟ್ಟಿಗೆಯ ಬಲದ ಅರ್ಧಕ್ಕಿಂತಲೂ ಕಡಮೆಯಾಗಿರುತ್ತದೆ. ಹಾಗಾದರೆ ಗಾರೆಯನ್ನು ಬಲಪಡಿಸಿದರಾಯಿತಲ್ಲವೇ? ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇಂತಹ ಅನೇಕ ಪ್ರಯೋಗಗಳನ್ನು ಮಾಡಿ 2007ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದರಂತೆ ಲೆಕ್ಕ ಹಾಕಿದರೆ, ಗಾರೆಯ ಬಲವನ್ನು ಇಮ್ಮಡಿ ಮಾಡಿದಾಗ ಗೋಡೆಗೆ ದೊರೆಯುವ ಹೆಚ್ಚಳ ಕಾಲುಭಾಗದಷ್ಟು ಮಾತ್ರ! ಇಟ್ಟಿಗೆಯ ಬಲವನ್ನು ಇಮ್ಮಡಿಸಿದರೂ ಹೆಚ್ಚಳ ನೂರಕ್ಕೆ ಸುಮಾರು 40 ಮಾತ್ರ.

ಇದಕ್ಕೆ ಕಾರಣವೇನು? ಎರಡು ಹಲಗೆಗಳ ನಡುವೆ ಕಣಕದ ಉಂಡೆಯನ್ನಿಟ್ಟು ಒತ್ತಿರಿ. ಉಂಡೆಯು ತಗ್ಗುವುದಲ್ಲದೆ ಪಕ್ಕಕ್ಕೂ ಹರಡುತ್ತದೆ. ಭಾರ ಬಿದ್ದ ಪ್ರತಿಯೊಂದು ವಸ್ತುವಿನ ಸ್ವಭಾವವೂ ಇದೇ. ಕಲ್ಲು, ಇಟ್ಟಿಗೆ, ಗಾರೆಗಳಲ್ಲಿ ಅದು ಕಣ್ಣಿಗೆ ಕಾಣದಷ್ಟು ಅಲ್ಪ. ಗಾರೆಯು ಇಟ್ಟಿಗೆಗಿಂತ ಮೆದುವಾಗಿದ್ದರೆ ಅದು ಹೆಚ್ಚು ಹರಡಬಯಸುತ್ತದೆ. ಆದರೆ ಎರಡೂ ಅಂಟಿಕೊಂಡಿರುವುದರಿಂದ ಇಟ್ಟಿಗೆ ಅದನ್ನು ತಡೆಯುತ್ತದೆ, ತಡೆಯುವಾಗ ತಾನೇ ಪಕ್ಕಕ್ಕೆ ಎಳೆತಕ್ಕೆ ಸಿಕ್ಕುತ್ತದೆ. ಒತ್ತಡವನ್ನು ಸಹಿಸುವ ಇಟ್ಟಿಗೆಗೆ ಎಳೆತವನ್ನು ಸಹಿಸುವ ಶಕ್ತಿ ಬಹು ಕಡಮೆ. ಆದುದರಿಂದಲೇ ಇಂತಹ ಗೋಡೆಗಳು ಭಾರ ಹೆಚ್ಚಾದಾಗ ಪುಡಿಯಾಗದೆ, ಮೇಲಿನಿಂದ ಕೆಳಗೆ ಉದ್ದುದ್ದ ಸೀಳುತ್ತವೆ.

ಪಾಶ್ಚಾತ್ಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ದೊರೆಯುವ ವಿವರಣೆ ಇದು. ಅಲ್ಲಿನ ಇಟ್ಟಿಗೆ ಬಿರುಸು, ಗಾರೆ ಮೆದು. ಬೆಂಗಳೂರಿನ ಸುತ್ತಮುತ್ತ ಕೈಯಚ್ಚಿನಲ್ಲಿ ತೆಗೆದು ಸುಡುವ ಇಟ್ಟಿಗೆಯ ಕಥೆಯೇ ಬೇರೆ. ಇಲ್ಲಿ ಇಟ್ಟಿಗೆಯೇ ಮೆದು; ಒಂದಕ್ಕೆ ಆರರಂತೆ ಸಿಮೆಂಟು ಮರಳು ಬೆರೆಸಿದ ಗಾರೆ ಅದಕ್ಕಿಂತ ಬಿರುಸು. ಪರಿಣಾಮವಾಗಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ: ಹರಡಬಯಸುವುದು ಇಟ್ಟಿಗೆ, ಬಿಗಿಹಿಡಿಯುವುದು ಗಾರೆ. ಸುತ್ತಲಿಂದ ಬಿಗಿದ ವಸ್ತು ಹೆಚ್ಚು ಭಾರವನ್ನು ತಾಳುವುದರಿಂದ ಇಟ್ಟಿಗೆಗೆ ಇದು ಲಾಭವೇ ಸರಿ. ಆದರೆ ಆ ಹಿಡಿತವಿರುವುದು ಇಟ್ಟಿಗೆ ಗಾರೆಗಳ ನಡುವಣ ಅಂಟು ಬಿಡುವವರೆಗೆ ಮಾತ್ರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ, ಕೆ. ಎಸ್. ಜಗದೀಶ್ ಮತ್ತು ಅವರೊಡನೆ ದುಡಿದ ಜಿ. ಸಾರಂಗಪಾಣಿ ಇವರು ಈ ಅಂಟನ್ನೇ ಪರೀಕ್ಷೆಗೆ ಒಳಪಡಿಸಿದರು. ಗಾರೆಯ ಬಲವನ್ನು ಬದಲಿಸದೆ, ಇಟ್ಟಿಗೆಯ ಮೈಗೆ ಬೇರೆ ಬೇರೆ ಸಂಸ್ಕಾರ ಮಾಡಿ ಅಂಟನ್ನು ಮಾತ್ರ ಹೆಚ್ಚಿಸಿದಾಗ, ಭಾರ ಹೊರುವ ಶಕ್ತಿಯೂ ಹೆಚ್ಚಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶವು, ನಮ್ಮ ಅಭಿಪ್ರಾಯದಲ್ಲಿ, ಮನೆ ಕಟ್ಟಿಸುವ ಪ್ರತಿಯೊಬ್ಬರೂ ತಿಳಿದಿರಬೇಕಾದುದು.

ಅಂಟು ಹುಟ್ಟುವ ಬಗೆ ಸ್ವಾರಸ್ಯವಾಗಿದೆ. ಇಟ್ಟಿಗೆಯ ಮೈತುಂಬ ಸೂಕ್ಷ್ಮರಂಧ್ರಗಳಿವೆ. ಹಸಿ ಗಾರೆಯ ಮೇಲೆ ಇಟ್ಟಿಗೆಯನ್ನಿಟ್ಟೊಡನೆ ಆ ರಂಧ್ರಗಳು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ನೀರನ್ನು ಹೀರುತ್ತವೆ. ನೀರಿನೊಡನೆ ಒಳಹೋದ ಸಿಮೆಂಟಿನ ಅಂಶ ಅಲ್ಲಿಯೇ ಹರಳುಗಟ್ಟಿ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಇಟ್ಟಿಗೆ ಪೂರ್ತಿ ಒಣಗಿದ್ದರೆ ಅತಿಯಾಗಿ ಹೀರಿ, ಸಂದಿನ ಸಿಮೆಂಟು ಬಲಿಯಲು ಬೇಕಾದ ನೀರನ್ನೇ ಕಸಿದುಕೊಳ್ಳುತ್ತದೆ. ರಾತ್ರಿಯೆಲ್ಲ ತೊಟ್ಟಿಯಲ್ಲಿ ನೆನೆದು ರಂಧ್ರಗಳು ತುಂಬಿದ್ದರೆ ಹೀರುವುದೇ ಇಲ್ಲ. ಇವೆರಡರ ನಡುವಣ ಸ್ಥಿತಿಯೇ ಉತ್ತಮ. ಗಾರೆಗೆ ಸ್ವಲ್ಪ ಸುಣ್ಣ ಸೇರಿಸಿದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರಣೆಗೂ ಹದವಾಗಿ ಒದಗುತ್ತದೆ. ಒಂದು ಬಕೆಟ್ ನೀರಿನ ಬೆಲೆ ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚಾಗುವ ಸಂದರ್ಭಗಳು ಹೀಗೂ ಉಂಟು.

ಮೇಲಿನ ಭಾರಕ್ಕಿಂತ ಪಕ್ಕದ ನೂಕು ಗೋಡೆಗೆ ಹೆಚ್ಚು ಅಪಾಯಕರ. ಬಿರುಗಾಳಿಯೋ ಭೂಕಂಪವೋ ಅಡ್ಡಡ್ಡ ನೂಕಿದಾಗ ಗೋಡೆಯ ಒಂದು ಮೈ ಎಳೆತಕ್ಕೆ ಸಿಕ್ಕಿ, ವರಸೆಗಳ ನಡುವಣ ಸಂದು ಬಾಯ್ದೆರೆಯುತ್ತದೆ. ಅಲ್ಲಿ ಇಟ್ಟಿಗೆಯ ಬಲ ಉಪಯೋಗಕ್ಕೆ ಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೀದರಿನ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಲಿನ ಭೂಮಿ ನಡುಗಿ ಸಾವಿರಾರು ಮಂದಿ ಮಡಿದರು. ಅಲ್ಲಿನ ಮನೆಗಳ ಗೋಡೆಗಳು ತೆಳುವಾಗಿರಲಿಲ್ಲ. ಗಟ್ಟಿ ಕಲ್ಲಿನ ಬಹು ದಪ್ಪ ಗೋಡೆಗಳು, ಮೇಲೆ ಮಣ್ಣು ಹೊದಿಸಿದ ಭಾರವಾದ ಮಾಳಿಗೆ. ಆದರೆ ಗೋಡೆಯ ಒಳಮೈ ಹೊರಮೈಗಳೆರಡನ್ನೂ ಬೇರೆ ಬೇರೆಯಾಗಿ ಎಬ್ಬಿಸಿ, ನಡುವೆ ಮಣ್ಣು, ಚೂರುಗಲ್ಲು ತುಂಬಿದ್ದರು. ನೆಲ ನಡುಗಿದಾಗ ಎರಡು ಮೈಗಳೂ ಒಂದನ್ನೊಂದು ಬಿಟ್ಟು ಉಬ್ಬಿ ಕುಸಿದವು, ಮಾಳಿಗೆ ಮಲಗಿದ್ದವರ ಮೇಲೆ ಬಿತ್ತು. ಒಡೆಯದೆ ಉಳಿದ ಕಲ್ಲುಗಳ ರಾಶಿಯೇ ಊರಾಗಿತ್ತು. ಅದೇ 1993ರ ಭಾರತೀಯ ಮಾನಕವೊಂದು, ಕಲ್ಲುಗೋಡೆಯಲ್ಲಿ ಎತ್ತರಕ್ಕೆ 60 ಸೆಂಟಿಮೀಟರಿಗೊಮ್ಮೆ, ಉದ್ದಕ್ಕೆ 1.2 ಮೀಟರಿನೊಳಗೊಂದರಂತೆ, ಗೋಡೆಯ ಪೂರ್ತಿ ಅಗಲಕ್ಕೂ ಚಾಚುವ ಕಲ್ಲನ್ನಿಟ್ಟು ಎರಡು ಮೈಗಳನ್ನೂ ಹೆಣೆಯಬೇಕೆಂದು ವಿಧಿಸುತ್ತದೆ.